ಎಳೆ ಕುದುರೆಗೆ ಕೊನೆಗೂ ಒಪ್ಪಿದ ಬಿಟ್

ಬಿಟ್ ಅಂದರೆ ಲಗಾಮು ಕಟ್ಟಲು ಕುದುರೆಯ ಬಾಯಿಗೆ ಅಡ್ಡ ಹಾಕುವ ಸರಳು; ಅದು ದಪ್ಪ ಇದ್ದಷ್ಟೂ ಬಾಯಿಗೆ ಹಿತ ಅಂತ ಕುದುರೆ ಪಳಗಿಸುವವರೆಲ್ಲ ಹೇಳುತ್ತಾರೆ. ಮೂರು ವರ್ಷದ ಗಂಡಿಗೆ ನಾನು 14 ಮಿ.ಮೀ. ದಪ್ಪದ ಬಿಟ್ ತಂದಾಗ ಲಾಯದಲ್ಲಿ ಒಬ್ಬರು, "ಪಾಪದ್ದು, ಬಾಯಿ ಕೊಯ್ದು ಹಾಕ್ತೀಯಾ?" ಅಂತಲೇ ಕೇಳಿದ್ದರು. ಈಗ ಅದು ಬಿಟ್ ಕಂಡರೆ ತಾನಾಗಿ ತಲೆ ತಗ್ಗಿಸುತ್ತದೆ. ಕೇಳಿದವರು ಈಗ ಅಳತೆ ಕೇಳಿಕೊಂಡು ಹೋಗಿದ್ದಾರೆ!

ಮೊದಲು ದುಡ್ಡು ಹೋದ ಕಥೆ. ಶುರು ಮಾಡಿದ್ದು ರಬ್ಬರ್ ಬಿಟ್‌ನಿಂದ, 20 ಮಿ.ಮೀ. ಹತ್ತಿರ ಇರಬೇಕು. ಕೈಗೆ ಮೆತ್ತಗೇನೋ ಇತ್ತು. ಬಾಯಿಗೆ ಹಾಕಿದರೆ ಕುದುರೆಗೆ ಬಾಯಿ ಮುಚ್ಚೋಕೇ ಆಗುತ್ತಿರಲಿಲ್ಲ, ಬಾಯಿ ಒಣಗಿತು ಅಂದರೆ ರಬ್ಬರ್ ತುಟಿಗೆ ಅಂಟಿ ಎಳೆಯುತ್ತಿತ್ತು, ಕೆಲವೇ ವಾರಕ್ಕೆ ಜಗಿದು ಜಗಿದು ಒಂದು ಬದಿ ಕಿತ್ತೂ ಹೋಯಿತು. ಆಮೇಲೆ ನಡುವೆ ಒಂದೇ ಕೀಲಿನ ಲೂಸ್ ರಿಂಗ್ ಸ್ನಾಫಲ್, ಅಂದರೆ ತುದಿಯ ರಿಂಗುಗಳು ತೂತಿನಲ್ಲಿ ಸರಿದಾಡುವ ಬಿಟ್. ಎರಡೂ ಲಗಾಮು ಹಿಡಿದರೆ ಕೀಲು ಮಡಚಿಕೊಳ್ಳುತ್ತಿತ್ತು, ಕುದುರೆ ಮೂತಿ ಆಕಾಶಕ್ಕೆ. ರಿಂಗಿನ ತೂತಿನಲ್ಲಿ ತುಟಿ ಸಿಕ್ಕಿಕೊಂಡು ಮೂಲೆ ಕೆಂಪಾಯಿತು, ಅದಕ್ಕೆ ರಬ್ಬರ್ ಗಾರ್ಡ್ ಬೇರೆ ಖರ್ಚು. ಅಷ್ಟರಲ್ಲಿ ನಾಲಿಗೆಯನ್ನು ಬಿಟ್ ಮೇಲೆ ತೆಗೆಯುವ ಚಾಳಿ ಕಲಿತಿತ್ತು. ಮೂಗುಪಟ್ಟಿ ಬಿಗಿ ಮಾಡು ಅಂದರು. ಮಾಡಲಿಲ್ಲ. ಎರಡು ಬೆರಳು ಆಡುವಷ್ಟು ಸಡಿಲ ಇದ್ದೇ ಇರಬೇಕು, ಅದರಲ್ಲಿ ನಾನು ಹಟಮಾರಿ.

ಹಲ್ಲು ನೋಡುವ ಡಾಕ್ಟರನ್ನು ಕರೆಸಿದ್ದು ಆಗಲೇ. ಮೇಲಿನ ದವಡೆ ಹಲ್ಲಿನ ಮುಂದೆ ವುಲ್ಫ್ ಟೂತ್ ಅನ್ನುವ ಉಪಯೋಗವಿಲ್ಲದ ಚಿಕ್ಕ ಹಲ್ಲು, ಸರಿಯಾಗಿ ಬಿಟ್ ಹೋಗಿ ತಾಗುವ ಜಾಗದಲ್ಲಿ. ಜೊತೆಗೆ ಒಂದು ಹಾಲುಹಲ್ಲು ಅರ್ಧ ಅಲ್ಲಾಡುತ್ತಾ ಕೂತಿತ್ತು. ಎರಡೂವರೆಯಿಂದ ನಾಲ್ಕೂವರೆ ವರ್ಷದವರೆಗೆ ಇದರ ಕಾಟ ಇದ್ದದ್ದೇ ಅಲ್ವಾ. ಎರಡೂ ತೆಗೆಸಿ, ಗಾಯ ಮಾಯುವ ತನಕ ಬಿಟ್ ಇಲ್ಲದೆ ಬರೀ ಕ್ಯಾವಸನ್ (ಮೂಗಿನ ಮೇಲೆ ಕೂರುವ ಪಟ್ಟಿ) ಹಾಕಿ ಲಂಜ್ ಮಾಡಿದೆ, ಅಂದರೆ ಉದ್ದ ಹಗ್ಗದಲ್ಲಿ ಸುತ್ತ ಓಡಿಸಿದೆ. ಅವರ ಫೀಸು ನಾನು ಬಿಟ್‌ಗಳಿಗೆ ಸುರಿದದ್ದರ ಅರ್ಧವೂ ಇರಲಿಲ್ಲ.

ಆಮೇಲೆ ಬಾಯೊಳಗಿನ ಜಾಗ ನೋಡಿದೆ. ತುಟಿಯ ಮೂಲೆಯಿಂದ, ಹಲ್ಲಿಲ್ಲದ ವಸಡಿನ ಮೇಲೆ ಎರಡು ಬೆರಳು ಒಂದರ ಮೇಲೊಂದು ಇಟ್ಟು ಸುಮ್ನೆ ಕಾದೆ. ಕುದುರೆ ಬಾಯಿ ಮುಚ್ಚುತ್ತಿದ್ದಂತೆ ಮೇಲೆ ಅಂಗುಳು, ಕೆಳಗೆ ವಸಡು, ಎರಡೂ ಬೆರಳು ಒತ್ತಿಹೋದವು. ನಾಲಿಗೆಯೋ ದಪ್ಪ, ಪಕ್ಕಕ್ಕೆಲ್ಲ ಉಬ್ಬಿ ಬರುತ್ತಿತ್ತು. ಇಲ್ಲಿ 20 ಮಿ.ಮೀ. ಎಲ್ಲಿ ಹಿಡಿಯಬೇಕು?

ಅಗಲಕ್ಕೆ ತೆಳು ಕೋಲು ಅಡ್ಡ ಇಟ್ಟು ತುಟಿಯ ಎರಡೂ ಕಡೆ ಗುರುತು ಹಾಕಿದೆ, 115 ಮಿ.ಮೀ. ಆಸುಪಾಸು ಬಂತು. ಆಚೀಚೆ ಐದೈದು ಬಿಟ್ಟು 125ರ, ಅದೇ 14 ಮಿ.ಮೀ. ದಪ್ಪದ ಎಗ್‌ಬಟ್ ತಂದೆ, ಅಂದರೆ ತುದಿಯ ರಿಂಗು ಸರಿದಾಡದ ಬಿಟ್. ಎರಡು ಕೀಲು, ನಡುವೆ ಕಾಳಿನ ಆಕಾರದ ನುಣುಪಾದ ತುಂಡು. ತರುವಾಗ ಹುಷಾರು: ಡಾಕ್ಟರ್ ಬ್ರಿಸ್ಟಲ್ ಅನ್ನುವ ಬಿಟ್ ನೋಡೋಕೆ ಹೀಗೇ ಇರುತ್ತದೆ, ಆದರೆ ಅದರ ನಡುವಿನ ಚಪ್ಪಟೆ ತಗಡು ಓರೆಯಾಗಿ ಕೂತು ನಾಲಿಗೆಗೆ ಅಂಚು ಒತ್ತುತ್ತದೆ.

ನಡುವೆ ಹುಚ್ಚಿಗೆ ಸ್ವೀಟ್ ಐರನ್, ಅಂದರೆ ತುಕ್ಕು ಹಿಡಿಯುವ ಕಬ್ಬಿಣದ ಬಿಟ್ ಕೂಡ ತಂದು ನೋಡಿದೆ. ತುಕ್ಕಿನ ರುಚಿಗೆ ಮೊದಲ ದಿನಗಳಲ್ಲಿ ಜೊಲ್ಲು ಚೆನ್ನಾಗಿ ಬಂತು. ಆಮೇಲೆ ಸ್ಟೀಲಿಗೂ ಅದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ, ಬಟ್ಟೆಗೆಲ್ಲ ಕಲೆ ಆಗಿದ್ದು ಮಾತ್ರ ಲಾಭ. ಕೀಲೇ ಇಲ್ಲದ ಮಲ್ಲನ್ ಅನ್ನುವ ಬಿಟ್ ಎರವಲು ತಂದೆ, ಕುದುರೆ ಅದರ ಮೇಲೆ ಪೂರ್ತಿ ಭಾರ ಹಾಕಿ ಒರಗಿ ಓಡಿತು. ವಾಪಸ್ ಕೊಟ್ಟೆ.

ಹೊಸ ಎಗ್‌ಬಟ್ಟನ್ನು ಲಗಾಮಿಲ್ಲದೆ ದಿನಾ ಹದಿನೈದು ನಿಮಿಷ ಹಾಕಿ ಬಿಡುತ್ತಿದ್ದೆ, ಚಳಿಯಲ್ಲಿ ಕೈಯಲ್ಲಿ ಉಜ್ಜಿ ಬಿಸಿ ಮಾಡಿ. ತುಟಿಯ ಮೂಲೆಯಲ್ಲಿ ಒಂದೇ ಸುಕ್ಕು ಬೀಳುವ ಹಾಗೆ. ಜಾಸ್ತಿ ಇಳಿಬಿಟ್ಟರೆ ನಾಲಿಗೆ ಮತ್ತೆ ಮೇಲೆ ಬರುತ್ತದೆ. ಆ ಚಾಳಿ ಬಿಡಿಸಲು ಪಟ್ಟಿಯಲ್ಲಿ ಮಾಡಿದ ಸಣ್ಣ ಬದಲಾವಣೆ ಒಂದಿದೆ, ಅದು ಮುಖಾಮುಖಿ ಸಿಕ್ಕಾಗ ತೋರಿಸುತ್ತೇನೆ. ಲಾಂಗ್ ರೇನ್‌ಗೆ, ಅಂದರೆ ಹಿಂದೆ ನಡೆಯುತ್ತಾ ಉದ್ದ ಲಗಾಮಿನಲ್ಲಿ ನಡೆಸೋಕೆ, ಲಗಾಮು ಬಿಟ್ಟಿಗೆ ಕಟ್ಟಿದ್ದು ಸುಮಾರು ಒಂದು ತಿಂಗಳ ಮೇಲೆ.

ಈಗ ನಾಲ್ಕು ದಾಟಿದೆ, ಕೋರೆಹಲ್ಲು ಒಸಡು ಸೀಳಿ ಬರುವ ಹೊತ್ತು. ಮುಖವೂ ಬೆಳೆದಿದೆ. ಕೋಲು ಹಿಡಿದು ಇನ್ನೊಮ್ಮೆ ಅಳೆಯಬೇಕು, 130 ಬೇಕಾಗಬಹುದು.