ಅಂಗೈ ಅಳೆದು ಕೊಲಾಜನ್ ಹಾಳೆ ತರಿಸಿದ್ದು: ನನ್ನ ಅನುಭವ

ಸುಟ್ಟಗಾಯದ ಮೇಲೆ ಹೊದಿಸುವ ಕೊಲಾಜನ್ ಹಾಳೆ 17 ಬೇಕೆಂದು ಚೀಟಿ ಬರೆದೆ, 16 ಹಿಡಿಯಿತು. ಸುಟ್ಟಗಾಯದ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡಿದವರಿಗೆ ಇದು ಎಂಥ ಮಾತೆಂದು ಗೊತ್ತಾಗುತ್ತದೆ.

ಊರು ಕಾರ್ಕಳದ ಕಡೆ, ಮನೆ ಡೊಂಬಿವಲಿಯಲ್ಲಿ. ಮುಂಬೈಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ 18 ವರ್ಷವಾಯಿತು. ಕೊಲಾಜನ್ ಹಾಳೆಗೆ ನಾವೆಲ್ಲರೂ ಕಣ್ಣಳತೆಯಲ್ಲೇ ಚೀಟಿ ಬರೆಯುತ್ತಿದ್ದೆವು. ಒಮ್ಮೆ 22 ತರಿಸಿ 9 ಹಾಕಿದೆವು. ಹತ್ತು ಸೆಂಟಿಮೀಟರ್ ಚೌಕದ ಹಾಳೆಗೆ ಆಗ 450 ರೂಪಾಯಿಯ ಆಸುಪಾಸು. ಪೊಟ್ಟಣ ಒಡೆದ ಮೇಲೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ, ನಾವು ಎಲ್ಲವನ್ನೂ ಮೊದಲೇ ಒಡೆದಿಟ್ಟಿದ್ದೆವು. ಆ ರೋಗಿಯ ಹೆಂಡತಿ ಬಳೆ ಅಡವಿಟ್ಟು ದುಡ್ಡು ತಂದಿದ್ದಳೆಂದು ಆಮೇಲೆ ತಿಳಿಯಿತು. ಅದು ಇವತ್ತಿಗೂ ಮನಸ್ಸಿನಲ್ಲಿ ಕುಟುಕುತ್ತದೆ.

ಮೊದಲು ಮಾಡಿದ್ದು ಸುಲಭದ ಲೆಕ್ಕ. ಮೈಯ ವಿಸ್ತೀರ್ಣ ತಿಳಿಯಲು ಸೆಂಟಿಮೀಟರಿನ ಎತ್ತರವನ್ನು ಕಿಲೋ ತೂಕದಿಂದ ಗುಣಿಸಿ 3600ರಿಂದ ಭಾಗಿಸಿ ವರ್ಗಮೂಲ ತೆಗೆಯುವುದು, ಮೊಸ್ಟೆಲರ್ ಎಂಬವರು 1987ರಲ್ಲಿ ಕೊಟ್ಟ ಸೂತ್ರ. ಬಂದ ಚದರ ಮೀಟರಿನಲ್ಲಿ ನೂರನೆಯ ಒಂದು ಪಾಲನ್ನು ರೋಗಿಯ ಒಂದು ಅಂಗೈ ಎಂದು ಹಿಡಿದು, ಗಾಯದ ಮೇಲೆ ಎಷ್ಟು ಅಂಗೈ ಕೂರುತ್ತದೋ ಅಷ್ಟರಿಂದ ಗುಣಿಸಿದೆ. ಐದಾರು ರೋಗಿಗಳಿಗೆ ಹೀಗೆ ತರಿಸಿದೆ. ಪ್ರತಿ ಸಲವೂ ಮೂರು ನಾಲ್ಕು ಹಾಳೆ ಉಳಿಯಿತು. "ಗಾಯವನ್ನು ಬಟ್ಟೆಯಂತೆ ಅಳೆಯಲು ಬರುವುದಿಲ್ಲ ಸಿಸ್ಟರ್" ಎಂದರು ನಮ್ಮ ಡಾಕ್ಟರು. ಸ್ಟೋರಿನವರೂ ಅದನ್ನೇ ಹೇಳಿದರು.

ಉಳಿಯುವುದಾದರೆ ಪ್ರತಿ ಸಲವೂ ಏಕೆ ಉಳಿಯಬೇಕು, ಒಮ್ಮೆಯಾದರೂ ಸಾಲದೆ ಹೋಗಬೇಕಲ್ಲ? ಅಂಗೈಯ ಮೇಲೇ ಅನುಮಾನ ಬಂತು. ಗ್ರಾಫ್ ಕಾಗದದ ಮೇಲೆ ಕೈಯಿಡಿಸಿ, ಬೆರಳು ಜೋಡಿಸಿ, ಮಣಿಕಟ್ಟಿನ ಗೆರೆಯಿಂದ ಬೆರಳ ತುದಿಯವರೆಗೆ ಗೀಚಿ ಒಂದು ಸೆಂಟಿಮೀಟರಿನ ಚೌಕಗಳನ್ನು ಎಣಿಸಿದೆ. ದಪ್ಪ ಮಾರ್ಕರಿನಿಂದ ಗೀಚಿದರೆ ಐದಾರು ಚೌಕ ಸುಮ್ಮನೆ ಸೇರಿಬಿಡುತ್ತದೆ. ಸಪೂರ ಪೆನ್ಸಿಲ್ ಹಿಡಿದು, ಕೈಗೆ ಒತ್ತಿ, ನೇರವಾಗಿ ನಿಲ್ಲಿಸಿ ಗೀಚಬೇಕು. ಆಯಾಗಳು, ವಾರ್ಡ್‌ಬಾಯ್‌ಗಳು, ರೋಗಿಗಳ ಕಡೆಯವರು ಸೇರಿ ಮೂವತ್ತು ಕೈಗಳಾದರೂ ಆಗಿರಬಹುದು. ಗಂಡಸರಲ್ಲಿ ಬೆರಳು ಸೇರಿದ ಅಂಗೈ ಮೈಯ 0.8 ಪರ್ಸೆಂಟಿನ ಹತ್ತಿರ, ಹೆಂಗಸರಲ್ಲಿ ಇನ್ನೂ ಸ್ವಲ್ಪ ಕಡಿಮೆ, ಮಕ್ಕಳಲ್ಲಿ ಮಾತ್ರ ಒಂದರ ಸಮೀಪ ಬಂತು. ನಾನು ಒಂದೆಂದು ಹಿಡಿದು ಕಾಲು ಪಾಲು ಹೆಚ್ಚು ತರಿಸುತ್ತಿದ್ದೆ.

ಈಗ ರೋಗಿಯ ಕೈಯನ್ನೇ ಹಳೆಯ ಎಕ್ಸ್‌ರೇ ಫಿಲ್ಮಿನ ಮೇಲೆ ಗೀಚಿ ಕತ್ತರಿಸುತ್ತೇನೆ. ಫಿಲ್ಮನ್ನು ಬ್ಲೀಚಿನಲ್ಲಿ ತೊಳೆದರೆ ಗಾಜಿನಂತೆ ಆಗುತ್ತದೆ. ಅದನ್ನು ಗಾಯಕ್ಕೆ ಮುಟ್ಟಿಸುವಂತಿಲ್ಲ, ಬೆರಳಗಲ ಮೇಲೆ ಹಿಡಿದು ಎಣಿಸಬೇಕು. ಬರೀ ಕೆಂಪಾದ ಚರ್ಮವನ್ನು ಎಣಿಸಬಾರದು. ಎರಡೂ ಕೈ ಸುಟ್ಟವರಿಗೆ ಅಂಗೈಯನ್ನು ಎಲ್ಲಿಂದ ತರುತ್ತೇನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆ 17 ಹಾಳೆಯ ರೋಗಿ ಮಾಟುಂಗಾ ಕಡೆಯ ಹೋಟೆಲಿನ ಅಡುಗೆಯವರು, ನಮ್ಮ ಊರ ಕಡೆಯವರೇ. ಕುದಿಯುವ ಸಾಂಬಾರು ಹೊಟ್ಟೆ, ತೊಡೆಗಳ ಮೇಲೆ ಚೆಲ್ಲಿತ್ತು. ಎತ್ತರ 165, ತೂಕ 62, ಮೈಯ ವಿಸ್ತೀರ್ಣ 1.69 ಚದರ ಮೀಟರ್. ಕೈ 132 ಚೌಕ. ಗಾಯ 11 ಅಂಗೈ, ಅಂದರೆ 1452 ಚದರ ಸೆಂಟಿಮೀಟರ್. ಕಣ್ಣಳತೆಯಲ್ಲಿ 14 ಪರ್ಸೆಂಟ್ ಎಂದು ಬರೆದಿದ್ದರು, ನನ್ನ ಲೆಕ್ಕಕ್ಕೆ ಎಂಟೂವರೆ ಚಿಲ್ಲರೆ. ಹಾಳೆ 15, ಅಂಚು ಮೇಲೆಮೇಲೆ ಬರಲು ಇನ್ನೆರಡು. ಒಂದೊಂದೇ ಪೊಟ್ಟಣ ಒಡೆದೆ. ಹಳೆಯ ರೀತಿಯಲ್ಲಾದರೆ 24 ತರಿಸುತ್ತಿದ್ದೆವು. ಮೂರು ಸಾವಿರ ರೂಪಾಯಿಗೂ ಮೇಲೆ ಉಳಿಯಿತು, ಒಡೆಯದ ಒಂದು ಹಾಳೆ ಅಂಗಡಿಗೆ ವಾಪಸು ಹೋಯಿತು. ಆಮೇಲೆ ಡಾಕ್ಟರೇ "ಸಿಸ್ಟರ್, ಇದನ್ನೂ ಎಣಿಸಿಬಿಡಿ" ಎಂದು ನನ್ನನ್ನು ಕರೆಯತೊಡಗಿದರು.

ಹಾಳೆಗೆ ಚದರ ಸೆಂಟಿಮೀಟರ್ ಸಾಕು, ಡ್ರಿಪ್ಪಿಗೆ ಪರ್ಸೆಂಟ್ ಬೇಕು. 60 ಕಿಲೋದವರಿಗೆ 20 ಅಂಗೈಯನ್ನು 20 ಪರ್ಸೆಂಟ್ ಎಂದು ಬರೆದರೆ ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ (ತೂಕ, ಪರ್ಸೆಂಟ್, ನಾಲ್ಕು ಮಿಲಿ ಮೂರನ್ನೂ ಗುಣಿಸಿದಷ್ಟು, ಮೊದಲ 24 ಗಂಟೆಗೆ) 4800 ಮಿಲಿ, ಅಂಗೈಗೆ 0.8ರಂತೆ 16 ಎಂದರೆ 3840. ಒಂದು ಲೀಟರಿನಷ್ಟು ಅಂತರ. ಕೊನೆಗೆ ಮೂತ್ರ ಎಷ್ಟು ಬರುತ್ತದೆಂದು ನೋಡಿಯೇ ಡಾಕ್ಟರು ಹೆಚ್ಚು ಕಡಿಮೆ ಮಾಡುತ್ತಾರೆ, ಆದರೂ ಆರಂಭ ಸರಿಯಿರಬೇಕು. ತೂಕವನ್ನು ಬಂದ ಕೂಡಲೇ ನೋಡಿ, ಎರಡನೆಯ ದಿನ ಮೈ ಊದಿ ಸುಳ್ಳು ತೂಕ ಬರುತ್ತದೆ. ಮನೆಯವರು ಬಾಯಲ್ಲಿ ಹೇಳುವ ತೂಕವನ್ನಂತೂ ಬರೆಯಲೇ ಬೇಡಿ.

ಸೂತ್ರವೇ ತಪ್ಪಿದ್ದರೆ ಎಂಬ ಹುಳ ತಲೆ ಹೊಕ್ಕಿತ್ತು. ಮೈಯ ವಿಸ್ತೀರ್ಣಕ್ಕೇ ಇರುವ ಇನ್ನೊಂದು ಸೂತ್ರ ಡುಬಾಯ್ಸ್ ಅವರದು, 1916ರದ್ದು, ಅದಕ್ಕೆ ಅಳೆದದ್ದು ಒಂಬತ್ತೇ ಮಂದಿಯನ್ನು. ನಾನೂ ಒಂದು ಭಾನುವಾರ ಮಗನ ಮೈಗೆ ಹಳೆಯ ಪತ್ರಿಕೆಯ ತುಂಡುಗಳನ್ನು ಅಂಟಿಸಿ, ಬಿಡಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಕಾಗದ ಕೂರಿಸಲು ಅರ್ಧ ದಿನ ಹೋಯಿತು. ಚದರ ಮೀಟರಿಗೆ 45 ಗ್ರಾಂ ತೂಗುವ ಕಾಗದ, ಒಟ್ಟು 58 ಗ್ರಾಂ, ಅಂದರೆ 1.29. ಅವನ ಎತ್ತರ 148, ತೂಕ 38, ಮೊಸ್ಟೆಲರ್ ಸೂತ್ರ ಹೇಳಿದ್ದು 1.25. ಅಷ್ಟು ಹತ್ತಿರ ಬಂದದ್ದು ನೋಡಿ ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ತಲೆಗೆ ಒಂಬತ್ತು, ಒಂದೊಂದು ಕೈಗೆ ಒಂಬತ್ತು ಪರ್ಸೆಂಟ್ ಎಂದು ಮೈಯನ್ನು ಪಾಲು ಮಾಡುವ ಒಂಬತ್ತರ ನಿಯಮವನ್ನು ಮಕ್ಕಳಲ್ಲೂ ದೊಡ್ಡವರಂತೆ ಹಾಕಿ ಮೋಸ ಹೋದವರಲ್ಲಿ ನಾನೂ ಒಬ್ಬಳು. ಒಂದು ವರ್ಷದ ಮಗುವಿನ ತಲೆಯೇ 17 ಪರ್ಸೆಂಟ್, ಅದಕ್ಕೆ ವಯಸ್ಸಿಗೆ ತಕ್ಕಂತೆ ಪಾಲು ತೋರಿಸುವ ಲುಂಡ್ ಬ್ರೌಡರ್ ಪಟವನ್ನು ಗೋಡೆಗೆ ಅಂಟಿಸಿದ್ದೇನೆ. ಬೆನ್ನು ಮತ್ತು ಕಂಕುಳು ಸೇರಿದ ಗಾಯದಲ್ಲಿ ಈಗಲೂ ಎರಡು ಹಾಳೆ ಏರುಪೇರಾಗುತ್ತದೆ. ಫಿಲ್ಮಿನ ಅಂಗೈಯನ್ನು ಅರ್ಧಕ್ಕೆ ಕತ್ತರಿಸಿ, ಬೆರಳಿಲ್ಲದ ಭಾಗದಿಂದ ಎಣಿಸಿ ನೋಡುತ್ತಿದ್ದೇನೆ. ನಾಲ್ಕು ರೋಗಿಗಳಾದರು.