ಪಾಂಡವಪುರದ ಬಾರಿನಲ್ಲಿ ಪರವೂರಿನವನಾಗಿ ಕುಳಿತ ಸಂಜೆಗಳು

ಲಾರಿ, ಟ್ರ್ಯಾಕ್ಟರುಗಳನ್ನು ತೂಗುವ ವೇಬ್ರಿಡ್ಜ್‌ಗಳನ್ನು ಸರಿಪಡಿಸುವುದು ನನ್ನ ವೃತ್ತಿ. ಊರು ಗೋಕಾಕ ತಾಲ್ಲೂಕಿನ ಒಂದು ಹಳ್ಳಿ, ವಾಸ ಬೆಂಗಳೂರು. ನಮ್ಮ ಬೆಳಗಾವಿ ಕಡೆ ಸಕ್ಕರೆ ಕಾರ್ಖಾನೆಗಳ ಹಂಗಾಮು ದೀಪಾವಳಿಯ ಸುಮಾರಿಗೆ ಶುರುವಾದರೆ, ಮಂಡ್ಯ ಜಿಲ್ಲೆಯಲ್ಲಿ ಮಳೆಗಾಲದಲ್ಲೇ ಕಬ್ಬು ಅರೆಯಲು ತೊಡಗುವುದರಿಂದ, ಜೂನ್ ಬಂತೆಂದರೆ ನಾನು ಮದ್ದೂರು, ಪಾಂಡವಪುರ, ಕೃಷ್ಣರಾಜಪೇಟೆಗಳ ಸುತ್ತ ವಾರಗಟ್ಟಲೆ ಉಳಿಯಬೇಕಾಗುತ್ತದೆ. ಹಗಲು ಕೆಲಸದಲ್ಲಿ ಕಳೆಯುತ್ತದೆ. ಸಂಜೆ ಲಾಡ್ಜಿನ ಕೋಣೆಯಲ್ಲಿ ಒಬ್ಬನೇ ಗೋಡೆ ನೋಡುತ್ತ ಕೂರುವುದು ನನ್ನಿಂದ ಆಗದ ಮಾತು. ಹೀಗಾಗಿ ಸಣ್ಣ ಊರುಗಳ ಬಾರುಗಳಿಗೆ ಹೋಗುವ ರೂಢಿ ಬಂತು. ಕುಡಿಯುವುದು ಕಡಿಮೆ, ಕೂರುವುದು ಹೆಚ್ಚು. ಇಷ್ಟು ವರ್ಷಗಳಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಸಣ್ಣ ಊರಿನ ಬಾರು ಆ ಊರಿನ ಗಂಡಸರ ಜಗಲಿ, ಅಲ್ಲಿಗೆ ಹೋದ ಪರವೂರಿನವನು ಜಗಲಿಗೆ ಬಂದ ನೆಂಟನ ಹಾಗೆ ನಡೆದುಕೊಂಡರೆ ಅವನಿಗೆ ನೆಂಟನ ಮರ್ಯಾದೆಯೇ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ನಾನು ನೋಡುವುದು ಬಾರನ್ನಲ್ಲ, ಲಾಡ್ಜನ್ನು. ನಡೆದು ಹೋಗಿ ನಡೆದು ಬರುವಷ್ಟು ಹತ್ತಿರದಲ್ಲಿ ಕೋಣೆ ಸಿಗದಿದ್ದರೆ ಆ ಸಂಜೆ ಹೋಗುವುದೇ ಇಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದರೆ ವಾಹನ ಓಡಿಸುವುದು ಅಪರಾಧ ಎಂಬುದು ಕಾನೂನಿನ ಮಾತಾಯಿತು. ಅದಕ್ಕಿಂತ ಮುಖ್ಯವಾಗಿ, ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಗಳ ಮೇಲೆ ರಾತ್ರಿಯಿಡೀ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಹೊರೆ ಹೊತ್ತು ನಿಂತಿರುತ್ತವೆ. ಅವುಗಳ ಹಿಂಭಾಗಕ್ಕೆ ಗುದ್ದಿದ ಬೈಕುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು, ಯಾವ ಅಂಗಡಿ ಎಂಬುದು. ಹೊರಗಿನವರು ಎಲ್ಲವನ್ನೂ ಬಾರೆಂದೇ ಕರೆಯುತ್ತಾರೆ. ಸಿಎಲ್-2 ಲೈಸೆನ್ಸಿನ ವೈನ್ ಸ್ಟೋರಿನಲ್ಲಿ ಬಾಟಲಿಯ ಮೇಲೆ ಮುದ್ರಿಸಿದ ಬೆಲೆಗೆ ಕೊಂಡು ಹೊರಡಬೇಕು, ಅಲ್ಲೇ ನಿಂತು ಕುಡಿಯುವಂತಿಲ್ಲ. ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್‌ನ ಮಳಿಗೆಯೂ ಹಾಗೆಯೇ. ಕೂತು ಕುಡಿದು ಊಟ ಮಾಡುವ ಜಾಗವೆಂದರೆ ಸಿಎಲ್-9, ಅಂದರೆ ಬಾರ್ ಅಂಡ್ ರೆಸ್ಟೋರೆಂಟ್. ಅಲ್ಲಿ ಬೆಲೆ ತುಸು ಹೆಚ್ಚು, ಆ ಹೆಚ್ಚಿನ ಹಣ ಕುರ್ಚಿಗೆ, ಫ್ಯಾನಿಗೆ, ಅಡುಗೆಮನೆಗೆ ಸಲ್ಲುತ್ತದೆ. ಹೆದ್ದಾರಿಯಿಂದ 500 ಮೀಟರ್, ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ 220 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು 2016–17ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ರಸ್ತೆ ಬದಿಯ ಹಲವು ಬಾರುಗಳು ಒಳಗಿನ ಬೀದಿಗಳಿಗೆ ಸರಿದವು. ಒಳಬೀದಿಯ ಬಾರಿಗೆ ದಾರಿಹೋಕರು ಬರುವುದು ಅಪರೂಪ, ಬರುವವರೆಲ್ಲ ಊರಿನವರೇ. ನನಗೆ ಬೇಕಾದದ್ದೂ ಅಂಥದ್ದೇ. ಆದರೆ ಲಾಡ್ಜಿನವರ ಬಳಿ ಒಳ್ಳೆಯ ಬಾರು ಯಾವುದೆಂದು ನಾನು ಕೇಳುವುದಿಲ್ಲ. ಮುದ್ದೆ, ನಾಟಿಕೋಳಿ ಸಾರು ರಾತ್ರಿ ಹೊತ್ತು ಎಲ್ಲಿ ಚೆನ್ನಾಗಿರುತ್ತದೆ ಎಂದು ಕೇಳುತ್ತೇನೆ. ಮಂಡ್ಯದ ಸೀಮೆಯಲ್ಲಿ ಆ ಪ್ರಶ್ನೆಗೆ ಬರುವ ಉತ್ತರ ಹತ್ತಕ್ಕೆ ಏಳು ಸಲ ಒಂದು ಬಾರಿನ ಹೆಸರೇ ಆಗಿರುತ್ತದೆ, ಮತ್ತು ಅಡುಗೆ ಚೆನ್ನಾಗಿರುವ ಬಾರಿನಲ್ಲಿ ಜಗಳ ಕಡಿಮೆ ಎಂಬುದು ನನ್ನ ಅನುಭವ.

ಪಾಂಡವಪುರದಲ್ಲಿ ನನಗೆ ಹೀಗೆ ಸಿಕ್ಕಿದ ಬಾರಿಗೆ ಮುಂದೆ ಅರ್ಧ ಪರದೆ, ಒಳಗೆ ಆರು ಟೇಬಲ್ಲು, ಕ್ಯಾಶಿಯರ್ ತಲೆಯ ಮೇಲೆ ಸೀರಿಯಲ್ ದೀಪ ಸುತ್ತಿದ ದೇವರ ಪಟ. ಮೊದಲ ದಿನ ನಾನು ಕಿಟಕಿಯ ಪಕ್ಕದ ಟೇಬಲ್ಲು ಖಾಲಿ ಇದೆಯೆಂದು ಅಲ್ಲಿ ಹೋಗಿ ಕುಳಿತೆ. ಸಪ್ಲೈಯರ್ ಹುಡುಗ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಸಾ, ಅದು ಬ್ಯಾಡಿ, ಏಳು ಗಂಟೆಗೆ ನಮ್ಮೋರು ಬತ್ತಾರೆ, ಈ ಕಡೆ ಬನ್ನಿ" ಎಂದ. ಆ ಟೇಬಲ್ಲಿಗೆ ಚೀಟಿ ಅಂಟಿಸಿರಲಿಲ್ಲ, ಆದರೆ ಅದು ಯಾರದೆಂದು ಇಡೀ ಬಾರಿಗೆ ಗೊತ್ತಿತ್ತು. ಅಂದಿನಿಂದ ಯಾವ ಊರಿಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ "ಎಲ್ಲಿ ಕೂರಲಿ?" ಎಂದು ಕೇಳುತ್ತೇನೆ. ಇಷ್ಟು ಸಣ್ಣ ಪ್ರಶ್ನೆ ಎಷ್ಟು ಬಾಗಿಲು ತೆರೆಯುತ್ತದೆ ಎಂದರೆ, ಕೆಲವು ಕಡೆ ಕ್ಯಾಶಿಯರ್ ತಾನೇ ಎದ್ದು ಬಂದು ಟೇಬಲ್ಲು ಒರೆಸಿ ಕೊಟ್ಟಿದ್ದಾರೆ.

ಅದೇ ಬಾರಿನಲ್ಲಿ ಎರಡನೆಯ ಸಂಜೆ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯಲೇಬೇಕು. ಅರವತ್ತು ಮಿಲಿ ರಮ್ ಹೇಳಿದ್ದೆ. ಹುಡುಗ ಹೊಸ ಕ್ವಾರ್ಟರ್ ತಂದು, ಕಣ್ಣೆದುರೇ ಸೀಲು ಮುರಿದು, ಸ್ಟೀಲಿನ ಅಳತೆಯಲ್ಲಿ ತುಂಬಿ ಗ್ಲಾಸಿಗೆ ಬಗ್ಗಿಸಿದ. ಪೆಗ್ ಅಳೆಯುವ ಈ ಬಟ್ಟಲು ಕೂಡ ನನ್ನ ವೇಬ್ರಿಡ್ಜಿನ ಹಾಗೆಯೇ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪಡೆಯಬೇಕಾದ ವಸ್ತು. 30, 60 ಮಿಲಿಯ ಅಳತೆಗಳಿಗೆ ನಿಯಮವಿದೆ. ಕೈಯ ಅಭ್ಯಾಸ. ಬಟ್ಟಲನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಅಂಚಿನಲ್ಲಿ ಮುದ್ರೆ ಎಲ್ಲಿದೆಯೆಂದು ತಿರುಗಿಸಿ ನೋಡಿದೆ. ಹುಡುಗನ ಮುಖ ಬಿಳಿಚಿಕೊಂಡಿತು. ಕ್ಯಾಶಿಯರ್ ಎದ್ದು ನಿಂತರು. ಪಕ್ಕದ ಟೇಬಲ್ಲುಗಳ ಮಾತು ಒಮ್ಮೆಗೇ ನಿಂತಿತು. ನಾನು ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವನೆಂದು ಅವರೆಲ್ಲ ತಿಳಿದರು. ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ದಿನವಿಡೀ ದುಡಿದು ಬಂದು ನೆಮ್ಮದಿಯಿಂದ ಕುಳಿತ ಹತ್ತು ಹನ್ನೆರಡು ಜನರ ಸಂಜೆಯನ್ನು ನನ್ನ ಒಂದು ಚೇಷ್ಟೆ ಕದಡಿಬಿಟ್ಟಿತ್ತು. ಎದ್ದು ಕೌಂಟರಿಗೆ ಹೋಗಿ, ನಾನು ಯಾರು, ಯಾವ ಕೆಲಸಕ್ಕೆ ಬಂದಿದ್ದೇನೆ, ಬಟ್ಟಲನ್ನು ಯಾಕೆ ನೋಡಿದೆ ಎಂಬುದನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿ ಕ್ಷಮೆ ಕೇಳಿದೆ.

ಆಗ ಕಿಟಕಿ ಪಕ್ಕದ ಟೇಬಲ್ಲಿನಿಂದ ಹಿರಿಯರೊಬ್ಬರು, "ಯಾವೂರಾಯ್ತು ಸಾ ತಮ್ದು?" ಎಂದರು.

ಈ ಪ್ರಶ್ನೆಯ ಬಗ್ಗೆ ನಾಲ್ಕು ಮಾತು ಹೆಚ್ಚಾಗಿ ಬರೆಯುತ್ತೇನೆ. ಮಂಡ್ಯ, ಮೈಸೂರು ಸೀಮೆಯ ಬಾರಿನಲ್ಲಿ ಪರವೂರಿನವನಿಗೆ ಇದು ಎದುರಾಗದೆ ಇರುವುದಿಲ್ಲ. ಬೆಂಗಳೂರು ಎಂದು ಉತ್ತರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಬೆಂಗಳೂರಿನಲ್ಲಿ ಅವರ ಮಕ್ಕಳೂ ಇದ್ದಾರೆ, ಅದು ಯಾರ ಊರೂ ಅಲ್ಲವೆಂದು ಅವರಿಗೆ ಗೊತ್ತು. ಕೇಳಿದವರಿಗೆ ಬೇಕಾದದ್ದು ನಿಮ್ಮ ಹುಟ್ಟಿದ ಊರು, ಅಲ್ಲಿಯ ಬೆಳೆ, ಅಲ್ಲಿಯ ನೀರು. ನಾನು "ಗೋಕಾಕ ಕಡಿಯಾಂವ್ರೀ" ಎಂದೆ, ನನ್ನ ಮಾತಿನಲ್ಲೇ. "ಅಯ್ಯೋ, ಕಬ್ಬಿನ ಸೀಮೆಯೋರೇ ಬುಡಿ ನೀವೂವೆ" ಎಂದು ಅವರು ಪಕ್ಕದ ಕುರ್ಚಿ ಎಳೆದರು. ಹಿಂದಿನ ಸಂಜೆ ನನಗೆ ನಿರಾಕರಿಸಲಾಗಿದ್ದ ಟೇಬಲ್ಲು ಅದೇ.

ಕುಳಿತ ಮೇಲೆ ನಿಜವಾದ ಪರೀಕ್ಷೆ ಬಂತು. "ಹಂಗಾರೆ ನಮ್ ಕಬ್ಬು ತೂಗೋ ಮಿಷನ್ನು ನಿಮ್ದೇಯಾ?" ಎಂದು ಇನ್ನೊಬ್ಬರು ಕೇಳಿದರು, ದನಿಯಲ್ಲಿ ಸಿಟ್ಟಿತ್ತು. ತೂಕದಲ್ಲಿ ಮೋಸವಾಗುತ್ತದೆ ಎಂಬ ಸಂಶಯ ಕಬ್ಬು ಬೆಳೆಯುವ ಎಲ್ಲ ಊರುಗಳಲ್ಲೂ ಇದೆ, ನಮ್ಮ ತಂದೆಗೂ ಇತ್ತು. ಸಮಾಧಾನದ ಮಾತು ಹೇಳಿ ಜಾರಿಕೊಳ್ಳುವುದು ಸುಲಭವಿತ್ತು. ನಾನು ಸೋಡಾ ಬಾಟಲಿಯ ನಾಲ್ಕು ಮುಚ್ಚಳಗಳನ್ನು ಚೌಕವಾಗಿಟ್ಟು, ಅವುಗಳ ಮೇಲೆ ಊಟದ ತಟ್ಟೆಯನ್ನಿಟ್ಟು, ವೇಬ್ರಿಡ್ಜ್ ಹೀಗೆಯೇ ಲೋಡ್‌ಸೆಲ್‌ಗಳ, ಅಂದರೆ ಭಾರ ಅಳೆಯುವ ಬಿಡಿಭಾಗಗಳ ಮೇಲೆ ಕೂರುತ್ತದೆ, ತಟ್ಟೆಯ ಅಂಚು ಯಾವುದಕ್ಕೂ ತಾಗಬಾರದು ಎಂದು ತೋರಿಸಿದೆ. ಆಮೇಲೆ ತಟ್ಟೆಯ ಒಂದು ಅಂಚಿಗೆ ಉಪ್ಪಿನ ಡಬ್ಬಿಯನ್ನು ಒತ್ತಿ ಹಿಡಿದು, ಮಳೆಯಲ್ಲಿ ಕೆಸರು, ಕಬ್ಬಿನ ಸೋಗೆ ಹೀಗೆ ಸಂದಿಯಲ್ಲಿ ಸೇರಿಕೊಂಡರೆ ಭಾರದ ಒಂದು ಪಾಲು ನೆಲಕ್ಕೆ ಹೋಗಿ ತೂಕ ಕಡಿಮೆ ತೋರಿಸುತ್ತದೆ ಎಂದೆ. ಟ್ರ್ಯಾಕ್ಟರ್ ಹತ್ತುವ ಮುನ್ನ ಪರದೆಯ ಮೇಲೆ ಸೊನ್ನೆ ಇದೆಯೇ ನೋಡಿ, ಹನ್ನೆರಡು ತಿಂಗಳಿಗೊಮ್ಮೆ ಆಗಬೇಕಾದ ಮುದ್ರೆಯ ಪ್ರಮಾಣಪತ್ರ ತೋರಿಸಿ ಎಂದು ಕೇಳಿ, ಅದು ನಿಮ್ಮ ಹಕ್ಕು ಎಂದೂ ಹೇಳಿದೆ. ಸಿಟ್ಟಿನಿಂದ ಕೇಳಿದವರು ಉಪ್ಪಿನ ಡಬ್ಬಿಯನ್ನು ತಾವೇ ಹಿಡಿದು ಎರಡು ಸಲ ಒತ್ತಿ ನೋಡಿದರು.

ನಂತರದ ಮಾತು ದರಕ್ಕೆ ಹೊರಳಿತು. 2023–24ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಟನ್ನಿಗೆ 3,150 ರೂಪಾಯಿ ಎಂದು ಪತ್ರಿಕೆಯಲ್ಲಿ ಬಂದಿದ್ದರೂ ಕೈಗೆ ಅಷ್ಟು ಯಾಕೆ ಬರುವುದಿಲ್ಲ ಎಂಬುದು ಅವರ ಪ್ರಶ್ನೆ. ಆ ದರ 10.25 ಶೇಕಡಾ ಸಕ್ಕರೆ ಇಳುವರಿಗೆ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲಿಗೆ ನಿಗದಿಯಾದದ್ದು, ಇಳುವರಿ ಇಳಿದಂತೆ ದರವೂ ಇಳಿಯುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬೆಳಗಾವಿ ಕಡೆಯ ಇಳುವರಿ ಹೆಚ್ಚು ಎಂದು ನಾನು ಹೆಮ್ಮೆ ಪಡುವ ಗಳಿಗೆ ಅದಾಗಿರಲಿಲ್ಲ, ಸುಮ್ಮನೆ ಕೇಳಿಸಿಕೊಂಡೆ.

ಸುಮ್ಮನಿರಬೇಕಾದ ವಿಷಯಗಳು ಇನ್ನೂ ಇವೆ. ಕಾವೇರಿ ನೀರಿನ ವಿಚಾರದಲ್ಲಿ ಹೊರಗಿನವನು ಅಭಿಪ್ರಾಯ ಹೇಳಬಾರದು. ಆದರೆ ಬೆಳಗಿನ ಪತ್ರಿಕೆಯಲ್ಲಿ ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಜಲಾಶಯದ ಮಟ್ಟ ನೋಡಿಕೊಂಡು ಹೋಗುವುದು ಒಳ್ಳೆಯದು. "ಕಟ್ಟೆ ಎಷ್ಟಾಯ್ತು?" ಎಂಬುದು ಆ ಟೇಬಲ್ಲಿನ ದಿನದ ಮೊದಲ ಮಾತು. 124.80 ಅಡಿ ತುಂಬಿದ ದಿನ ಎಲ್ಲರ ಮುಖವೂ ಬೇರೆ, ನೂರರ ಕೆಳಗೆ ಇಳಿದ ವರ್ಷ ನಾಲೆಗೆ ಕಟ್ಟು ನೀರು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ಗ್ಲಾಸುಗಳು ಅರ್ಧಕ್ಕೇ ನಿಲ್ಲುತ್ತವೆ. ಹಾಗೆಯೇ ಕರೆಯುವ ರೀತಿ. ಅಲ್ಲಿ ಒಬ್ಬರನ್ನೊಬ್ಬರು ಗೌಡ್ರೇ ಎನ್ನುವುದನ್ನು ಕೇಳಿ ಹೊರಗಿನವನೂ ಸಿಕ್ಕವರನ್ನೆಲ್ಲ ಹಾಗೆ ಕರೆಯಬಾರದು, ಎಲ್ಲರೂ ಗೌಡರಲ್ಲ. ಹಿರಿಯರಿಗೆ ಯಜಮಾನ್ರೇ, ಓರಗೆಯವರಿಗೆ ಅಣ್ಣ. ಸಪ್ಲೈಯರ್ ಎಷ್ಟೇ ಚಿಕ್ಕವನಾದರೂ ಅವನಿಗೆ ನಾನು ಏಕವಚನ ಬಳಸುವುದಿಲ್ಲ.

ಊಟದ ವಿಚಾರಕ್ಕೆ ಬಂದರೆ, ಮೊದಲ ಗುಟುಕಿಗೆ ಮುನ್ನ "ನೆಂಚ್ಕೊಳಕೆ ಏನದೆ?" ಎಂದು ಕೇಳುವುದನ್ನು ಅಲ್ಲಿ ಕಲಿತೆ. ಹುರಿದ ಕಡಲೆಬೀಜಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ ಕೊಡುತ್ತಾರೆ. ಆದರೆ ಆ ಅಡುಗೆಮನೆಯ ಹೆಸರು ಬೋಟಿಯಿಂದ. ಕುರಿಯ ಕರುಳನ್ನು ಬಿಸಿನೀರು, ಸುಣ್ಣದಲ್ಲಿ ಉಜ್ಜಿ ನಾಲ್ಕಾರು ನೀರಿನಲ್ಲಿ ತೊಳೆದು, ಅರಿಸಿನ ಹಾಕಿ ಬೇಯಿಸಿ, ಆಮೇಲೆ ಕಬ್ಬಿಣದ ಬಾಣಲೆಯಲ್ಲಿ ಮೆಣಸು, ಕೊತ್ತಂಬರಿ, ಕರಿಬೇವಿನ ಜೊತೆ ನೀರು ಪೂರ್ತಿ ಇಂಗುವವರೆಗೆ ಹುರಿಯುತ್ತಾರೆ. ಅಡುಗೆಯವರು ಹಿಂದಿನ ಬಾಗಿಲಲ್ಲಿ ನಿಂತು ನೋಡಲು ಬಿಟ್ಟರು. ಕೊನೆಯ ಎರಡು ನಿಮಿಷ ಬೆಂಕಿ ಏರಿಸಿ, ಸೌಟನ್ನು ಬಾಣಲೆಯ ತಳಕ್ಕೆ ಕೆರೆಯುತ್ತ ಇದ್ದ ಅವರ ಕಣ್ಣು ಬೇರೆ ಎಲ್ಲಿಗೂ ಸರಿಯಲಿಲ್ಲ. ಒಂದು ತುಂಡು ಬಾಯಿಗಿಟ್ಟಾಗ ಮೇಲಿನ ಪದರ ಗರಿಗರಿ, ಒಳಗೆ ಮೆತ್ತಗೆ, ಮೆಣಸಿನ ಖಾರ ಗಂಟಲಿಗಿಳಿದ ಮೇಲೆ ತಿಳಿಯುತ್ತದೆ. ಜೋಳದ ರೊಟ್ಟಿಯಲ್ಲಿ ಬೆಳೆದ ನನಗೆ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಆ ಹಿರಿಯರೇ ಹೇಳಿಕೊಟ್ಟರು: ಹೆಬ್ಬೆರಳಿನಿಂದ ಗುಳಿ ಮಾಡು, ಗುಳಿಯಲ್ಲಿ ಸಾರು ಹಿಡಿ, ನಾಲಿಗೆಯ ಮೇಲೆ ನಿಲ್ಲಿಸಬೇಡ.

ಆ ರಾತ್ರಿ ಬೋಟಿಯ ಹಣ ಕೊಡಲು ಹೋದಾಗ ಅದಾಗಲೇ ಅವರ ಲೆಕ್ಕಕ್ಕೆ ಹೋಗಿತ್ತು. ಒಡನೆಯೇ ಅವರಿಗೊಂದು ಪೆಗ್ ಹೇಳಿ ಋಣ ತೀರಿಸಲು ಹೋಗಬಾರದು; ಅದು ಕೊಟ್ಟದ್ದನ್ನು ಮುಖಕ್ಕೆ ಹಿಂದಿರುಗಿಸಿದ ಹಾಗೆ. ನಾನು ಮರುದಿನ ಹೋಗಿ ಇಡೀ ಟೇಬಲ್ಲಿಗೆ ಲಿವರ್ ಫ್ರೈ ಹೇಳಿದೆ. ಪರವೂರಿನಲ್ಲಿ ನಾನು ಊಟ ಕೊಡಿಸುತ್ತೇನೆ, ಮದ್ಯ ಕೊಡಿಸುವುದಿಲ್ಲ. ಯಾರು ವ್ರತ ಹಿಡಿದಿದ್ದಾರೆ, ಯಾರಿಗೆ ವೈದ್ಯರು ಬೇಡವೆಂದಿದ್ದಾರೆ, ಯಾರ ಮನೆಯಲ್ಲಿ ಇದರಿಂದ ಕಣ್ಣೀರು ಹರಿಯುತ್ತಿದೆ ಎಂಬುದು ಎರಡು ದಿನದ ನೆಂಟನಿಗೆ ತಿಳಿಯುವುದಿಲ್ಲ. ಅದೇ ಟೇಬಲ್ಲಿನ ಒಬ್ಬರು, 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ತಮ್ಮ ತಾಯಿ ದೇವರಿಗೆ ಹಣ್ಣುಕಾಯಿ ಮಾಡಿಸಿದ್ದನ್ನು ಹೇಳಿ ಬಹಳ ಹೊತ್ತು ಸುಮ್ಮನೆ ಕುಳಿತರು. ನನ್ನ ಮಟ್ಟಿಗೆ ಎರಡು ಅರವತ್ತು, ಅದರ ಮೇಲೆ ಮುದ್ದೆ, ಅಲ್ಲಿಗೆ ಮುಗಿಯಿತು.

ಹೋಗುವ ದಿನವನ್ನೂ ನೋಡಿಕೊಳ್ಳಬೇಕು. ಅಕ್ಟೋಬರ್ 2ರಂದು ಬಾಗಿಲು ಹಾಕಿರುತ್ತದೆ, ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆ ಕೂಡ. ಶ್ರಾವಣದಲ್ಲಿ ಬಾರು ತೆರೆದಿದ್ದರೂ ಮಾಂಸ ಬಿಟ್ಟವರು ಬರುವುದಿಲ್ಲ, ಕಿಟಕಿ ಪಕ್ಕದ ಟೇಬಲ್ಲು ಖಾಲಿಯಿರುತ್ತದೆ. ಪರವಾನಗಿಯ ಪ್ರಕಾರ ರಾತ್ರಿ ಹನ್ನೊಂದೂವರೆಯವರೆಗೆ ಇದ್ದರೂ ಒಲೆ ಹತ್ತಕ್ಕೇ ಆರುತ್ತದೆ, ಊಟ ಬೇಕಿದ್ದವರು ಒಂಬತ್ತಕ್ಕೆ ಹೇಳಿಬಿಡಬೇಕು.

ಹೊರಡುವ ದಿನ ಅಡುಗೆಯವರ ಕೈಗೆ ಬೇರೆಯಾಗಿ ಸ್ವಲ್ಪ ಹಣ ಕೊಟ್ಟು, ನಿಮ್ಮ ಬೋಟಿಯ ರುಚಿ ಬಾಯಲ್ಲೇ ಉಳಿಯಿತು ಎಂದೆ. ಅವರು ಹಣಕ್ಕಿಂತ ಮಾತಿಗೆ ಹೆಚ್ಚು ಸಂತೋಷಪಟ್ಟು, "ಭಾನುವಾರ ಬನ್ನಿ ಅಣ್ಣ, ಅವತ್ತು ಮರಿ ಕುಯ್ತೀವಿ. ಸೋಮವಾರ ಬಂದ್ರೆ ಬರೀ ಕೋಳಿ ಅಷ್ಟೇಯ" ಎಂದರು. ಈಗ ಪಾಂಡವಪುರದ ಕೆಲಸವಿದ್ದಾಗಲೆಲ್ಲ ಅದನ್ನು ಸೋಮವಾರ ಬೆಳಗ್ಗೆ ಶುರುವಾಗುವಂತೆ ಹಾಕಿಕೊಂಡು, ಭಾನುವಾರ ಮಧ್ಯಾಹ್ನವೇ ಬೆಂಗಳೂರಿನಿಂದ ರೈಲು ಹತ್ತುತ್ತೇನೆ.