ಮಂಚದ ಕಾಲಿಗೆ ಹಲಸಿನ ಕೊರಡು

ನಾಲ್ಕು ವರ್ಷದಿಂದ ಸ್ಕ್ಲೀರೋಡರ್ಮಾ (ಚರ್ಮ ಬಿಗಿಯಾಗಿ, ಅನ್ನನಾಳ, ಕರುಳೂ ಸೋಲುವ ಕಾಯಿಲೆ) ಜೊತೆ ತೀರ್ಥಹಳ್ಳಿಯಲ್ಲಿ ಬದುಕುತ್ತಿದ್ದೇನೆ. ಇದರ ಎದೆಯುರಿ ಹೇಗಿರುತ್ತದೆ ಅಂತ ಇದೇ ಕಾಯಿಲೆ ಇರುವವರಿಗೆ ಹೇಳಬೇಕಿಲ್ಲ. ಪ್ಯಾಂಟೊಪ್ರಜೋಲ್ ಎರಡು ಹೊತ್ತು ನುಂಗಿದರೂ ರಾತ್ರಿ ಒಂದು ಗಂಟೆಗೆ ಹುಳಿನೀರು ಗಂಟಲಿಗೆ ಬಂದು ಕೆಮ್ಮು ಹತ್ತುತ್ತಿತ್ತು. ಮಾತ್ರೆ ಹುಳಿ ಇಳಿಸುತ್ತದೆ, ಮೇಲೆ ನುಗ್ಗುವುದನ್ನು ತಡೆಯುವುದಿಲ್ಲ, ಅಲ್ವಾ?

ಮೊದಲು ಮೂರು ದಿಂಬು ಪೇರಿಸಿದೆ. ಸೊಂಟ ಮಡಚಿ ಹೊಟ್ಟೆ ಒತ್ತಿ, ಇನ್ನೂ ಜಾಸ್ತಿ ಆಯಿತು. ಸುಮಾರು 2,800 ಕೊಟ್ಟು ಇಳಿಜಾರು ಫೋಮ್ ತರಿಸಿದೆ. ಬೆಳಗಾಗುವಷ್ಟರಲ್ಲಿ ನಾನು ಮಂಚದ ಬುಡದಲ್ಲಿ! ಈಗ ಅದರ ಮೇಲೆ ಬೆಕ್ಕು ಮಲಗುತ್ತದೆ. ಆಮೇಲೆ ತಲೆ ಕಡೆಯ ಕಾಲುಗಳಿಗೆ ಇಟ್ಟಿಗೆ ಇಟ್ಟೆ. ಅದು ಒಂದು ರಾತ್ರಿ ಜಾರಿ, ಮನೆಮಂದಿಯೆಲ್ಲ ಎದ್ದು ಕೂತರು. "ಮಂಚ ಎತ್ತಿದರೆ ಹೊಟ್ಟೆ ಸರಿಹೋಗುತ್ತಾ ಮಾರಾಯ್ತಿ?" ಅಂತ ಅತ್ತೆ ನಕ್ಕರು.

ಕೊನೆಗೆ ಆಚಾರಿಯಿಂದ ಹಲಸಿನ ಮರದ ಎರಡು ಕೊರಡು ಮಾಡಿಸಿದೆ. ಎಂಟು ಇಂಚು ಎತ್ತರ, ಕಾಲು ಕೂರಲು ಗುಳಿ. ಮರ ನಮ್ಮದೇ, ಕೂಲಿ 600 ಇರಬೇಕು. ರಾತ್ರಿ ಊಟ ಆರೂವರೆಗೆ, ಅದೂ ಅರ್ಧ ಬಟ್ಟಲು ಗಂಜಿ. ಮೂರನೇ ವಾರಕ್ಕೆ ಕೆಮ್ಮು ನಿಂತಿತು. ಮಾತ್ರೆ ಬಿಟ್ಟಿಲ್ಲ, ಬಿಡಬೇಡಿ.

ಹೊಟ್ಟೆಯುಬ್ಬರದ ಕಥೆ ಬೇರೆ. ಯಾರೋ ಹೇಳಿದರು ಅಂತ ಇಸಬ್ಗೋಲ್ ತಗೊಂಡು ಡೋಲಿನಂತೆ ಉಬ್ಬಿದೆ. ಕರುಳು ಮುಂದಕ್ಕೆ ತಳ್ಳದಿದ್ದರೆ ನಾರು ಅಲ್ಲೇ ಕೂರುತ್ತದೆ. ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದೆ ಅಂತ ಡಾಕ್ಟರ್ ರಿಫಾಕ್ಸಿಮಿನ್ ಕೊಟ್ಟರು. ದುಬಾರಿ ಮಾತ್ರೆ, ಅಡಿಕೆ ಮಾರಿದ ದುಡ್ಡು ಅದಕ್ಕೇ ಹೋಯಿತು. ಹೊಟ್ಟೆ ಇಳಿಯಿತು, ಎರಡು ಮೂರು ತಿಂಗಳಿಗೆ ಮತ್ತೆ ಬಂತು. ಈಗ ಅವರೇ ನೋಡಿಕೊಂಡು ಬೇರೆ ಬೇರೆ ಆ್ಯಂಟಿಬಯಾಟಿಕ್ ಬದಲಿಸುತ್ತಾರೆ. 52 ಕೆಜಿಯಿಂದ 41ಕ್ಕೆ ಇಳಿದಿದ್ದವಳು ಈಗ 47.

ನಡುವೆ ಸುಮ್ನೆ ಒಂದು ಪ್ರಯೋಗ: ಹಲಸಿನ ಹಣ್ಣು ಎರಡು ತೊಳೆ ತಿಂದು ನೋಡಿದೆ. ಎರಡು ದಿನ ಮಲಗಿದೆ. ಕಳಲೆ ಪಲ್ಯವೂ ಅಷ್ಟೇ. ಒಂದೆಲಗದ ತಂಬುಳಿ ಮಾತ್ರ ಒಗ್ಗಿತು. ಅದಕ್ಕೆ ಏನು ಸೇರಿಸುತ್ತೇನೆ ಅಂತ ಹೇಳುವುದಿಲ್ಲ, ಅದು ನಮ್ಮಮ್ಮನ ಗುಟ್ಟು.

ಇನ್ನೊಂದು ವಿಷಯ. ಈ ಕಾಯಿಲೆಯಲ್ಲಿ ಮಳೆಗಾಲದ ಥಂಡಿಗೆ ಬೆರಳು ನೀಲಿಯಾಗುತ್ತವೆ ಅಂತ ಕೊಡುವ ನಿಫೆಡಿಪಿನ್ ಮಾತ್ರೆ ಅನ್ನನಾಳದ ಕೆಳಬಾಗಿಲನ್ನು ಇನ್ನೂ ಸಡಿಲ ಮಾಡಬಹುದು. ಆಷಾಢದಲ್ಲಿ ನನಗೆ ಉರಿ ಹೆಚ್ಚಾಗುತ್ತಿದ್ದದ್ದು ಅದಕ್ಕೇ ಇರಬೇಕು. ಡಾಕ್ಟರ್ ಹತ್ತಿರ ಕೇಳಿ ಡೋಸ್ ಹೊಂದಿಸಿಕೊಂಡೆ.

ಅತ್ತೆಗೂ ಈಗ ಹುಳಿತೇಗು. ಮೊನ್ನೆ ಆಚಾರಿ ಬಂದು ಅವರ ಮಂಚದ ಕಾಲು ಅಳೆದುಕೊಂಡು ಹೋದರು. ಈ ಸಲ ಕೂಲಿ 900 ಅಂತೆ.